ಒಂದು ಸ್ಕೇಲು, ಒಂದು ತ್ರಿಕೋನ: ಕಾಲ ನಿಧಾನವಾಗುವುದನ್ನು ಜಗಲಿಯಲ್ಲಿ ಕೂತು ಅರ್ಥ ಮಾಡಿಕೊಳ್ಳುವ ದಾರಿ

ನನ್ನ ತಂಗಿಯ ಮಗಳು ದಿನಾ ಕುಂಬಳೆಯಿಂದ ಮಂಗಳೂರಿಗೆ ರೈಲಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಾಳೆ. ಹೋದ ಮಳೆಗಾಲದ ಒಂದು ಸಂಜೆ, ಒದ್ದೆ ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿದವಳೇ ಕೇಳಿದಳು. "ಮಾವ, ವೇಗವಾಗಿ ಹೋದ್ರೆ ಗಡಿಯಾರ ನಿಧಾನ ಆಗ್ತದಂತೆ. ಹಾಗಾದ್ರೆ ದಿನಾ ರೈಲಲ್ಲಿ ಹೋಗುವ ನನಗೆ ನಿಮಗಿಂತ ಕಡಿಮೆ ವಯಸ್ಸಾಗ್ತದಾ?"

"ಆಗ್ತದೆ. ಎಷ್ಟು ಅಂತ ಲೆಕ್ಕ ಹಾಕಲಿಕ್ಕೂ ಆಗ್ತದೆ" ಅಂದೆ. ಅವಳು ನಂಬಲಿಲ್ಲ. ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಬೆನ್ನಿನ ಮೇಲೆ ರಾತ್ರಿ ಊಟದವರೆಗೆ ನಾವಿಬ್ಬರೂ ಗೀಚಿದೆವು. ಆ ಹಾಳೆಯಲ್ಲಿ ಇದ್ದದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಓದುವಾಗ ನಿಮ್ಮ ಕೈಯಲ್ಲೂ ಒಂದು ಪೆನ್ಸಿಲ್, 30 ಸೆಂಟಿಮೀಟರಿನ ಶಾಲೆಯ ಸ್ಕೇಲು, ಗೀಟಿಲ್ಲದ ಒಂದು ಹಾಳೆ ಇರಲಿ. ಕೂಡಿಸಲು, ಕಳೆಯಲು, ಗುಣಿಸಲು ಬಂದರೆ ಸಾಕು.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಕಾಲೇಜಿನಲ್ಲಿ ಸಾಪೇಕ್ಷತೆಯ (ವೇಗಕ್ಕೆ ತಕ್ಕಂತೆ ಕಾಲ ಬದಲಾಗುತ್ತದೆ ಎನ್ನುವ ಐನ್‌ಸ್ಟೈನನ ಸಿದ್ಧಾಂತದ) ಪಾಠ ಶುರುವಾದದ್ದೇ ಬೋರ್ಡ್ ತುಂಬ ಸೂತ್ರಗಳಿಂದ. ಬರೆದುಕೊಂಡೆ, ಉರು ಹೊಡೆದೆ, ಪಾಸೂ ಆದೆ. ಅರ್ಥ ಮಾತ್ರ ಆಗಲಿಲ್ಲ. ಇದು ನನ್ನ ತಲೆಗೆ ಹತ್ತುವ ವಿಷಯವಲ್ಲ ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಆಮೇಲೆ ಒಂದು ದಿನ ಒಂದು ತ್ರಿಕೋನದ ಚಿತ್ರ ನೋಡಿ ಎಲ್ಲವೂ ತಿಳಿಯಾಯಿತು. ಅದಕ್ಕೇ ಹೇಳುವುದು, ಸೂತ್ರದಿಂದ ಶುರು ಮಾಡಬೇಡಿ. ಸೂತ್ರ ಕೊನೆಗೆ ತಾನಾಗಿ ಬರುತ್ತದೆ, ಬಾರದಿದ್ದರೂ ನಷ್ಟವಿಲ್ಲ.

ಮೊದಲು ಅಂಗಳ ಗುಡಿಸಿಕೊಳ್ಳಿ

ಮೂರು ಗೊಂದಲಗಳನ್ನು ಆಚೆ ಇಡಬೇಕು.

ಒಂದು, ಬಸ್ಸಿಗೆ ಕಾಯುವಾಗ ಹೊತ್ತೇ ಹೋಗುವುದಿಲ್ಲ, ಯಕ್ಷಗಾನ ನೋಡುವಾಗ ಬೆಳಗಾದದ್ದೇ ಗೊತ್ತಾಗುವುದಿಲ್ಲ. ಇದು ಮನಸ್ಸಿನ ವಿಷಯ. ಇಬ್ಬರ ಕೈಗಡಿಯಾರವೂ ಒಂದೇ ಗಂಟೆ ತೋರಿಸುತ್ತಿರುತ್ತದೆ. ನಾವು ಮಾತಾಡಲಿರುವುದು ಗಡಿಯಾರವೇ ಬೇರೆ ಗಂಟೆ ತೋರಿಸುವ ಬಗ್ಗೆ.

ಎರಡು, ಕಾಸರಗೋಡಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡು ಗಂಟೆಗಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಮ್ಮೂರು ಇರುವುದು ಹೆಚ್ಚುಕಡಿಮೆ 75 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ಅರ್ಧ ಗಂಟೆ ವ್ಯತ್ಯಾಸ. ಇದು ಜನ ಮಾಡಿಕೊಂಡ ಒಪ್ಪಂದ. ಇದೂ ಸಾಪೇಕ್ಷತೆ ಅಲ್ಲ.

ಮೂರನೆಯದು ನಮ್ಮ ಕಡೆ ಯಾರ ಹತ್ತಿರ ಈ ಮಾತೆತ್ತಿದರೂ ಬರುತ್ತದೆ. ಭಾಗವತದ ರೈವತ ರಾಜನ ಕಥೆ. ಮಗಳು ರೇವತಿಗೆ ವರ ಕೇಳಲು ಬ್ರಹ್ಮನ ಬಳಿ ಹೋಗುತ್ತಾನೆ. ಅಲ್ಲಿ ಗಂಧರ್ವರ ಹಾಡು ಮುಗಿಯುವಷ್ಟು ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ನನಗೆ ಬಹಳ ಇಷ್ಟದ ಕಥೆ ಇದು. ಇಬ್ಬರಿಗೆ ಎರಡು ಬೇರೆ ಕಾಲ ಇರಬಹುದು ಎಂಬ ಚಿತ್ರವನ್ನು ಮನಸ್ಸಿಗೆ ಕೊಡುತ್ತದೆ. ಆದರೆ ಕಥೆಯಲ್ಲಿ ಅಳತೆ ಇಲ್ಲ, ಎಷ್ಟು ವೇಗಕ್ಕೆ ಎಷ್ಟು ವ್ಯತ್ಯಾಸ ಎಂಬ ಲೆಕ್ಕ ಇಲ್ಲ. ಅದನ್ನು ಕಥೆಯಾಗಿಯೇ ಪ್ರೀತಿಸಿ, ಲೆಕ್ಕಕ್ಕೆ ಹಾಳೆ ತೆಗೆಯೋಣ.

ಹೆಜ್ಜೆ 1: ರೈಲಿನಲ್ಲಿ ಅಡಿಕೆ ಎಸೆದು ನೋಡಿ

ಇದನ್ನು ನಿಜವಾಗಿ ಮಾಡಿ. ಕುಂಬಳೆ ದಾಟಿ ರೈಲು ಒಂದೇ ಸಮನೆ ಓಡುತ್ತಿರುವಾಗ ಒಂದು ಅಡಿಕೆಯನ್ನು ನೆಟ್ಟಗೆ ಮೇಲಕ್ಕೆ ಎಸೆಯಿರಿ. ಅದು ಹಿಂದಿನ ಸೀಟಿನವರ ಮಡಿಲಿಗೆ ಬೀಳುವುದಿಲ್ಲ, ನಿಮ್ಮ ಅಂಗೈಗೇ ಬರುತ್ತದೆ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರೆ ಮನೆಯಲ್ಲಿ ಬೀಳುವ ಹಾಗೆಯೇ ಲೋಟಕ್ಕೆ ಬೀಳುತ್ತದೆ. ಕಿಟಕಿ ಮುಚ್ಚಿ ಸದ್ದೂ ಇಲ್ಲದಂತೆ ಮಾಡಿದರೆ, ರೈಲು ಓಡುತ್ತಿದೆಯೋ ನಿಂತಿದೆಯೋ ಎಂದು ಬೋಗಿಯ ಒಳಗಿನ ಯಾವ ಪ್ರಯೋಗದಿಂದಲೂ ಹೇಳಲು ಆಗುವುದಿಲ್ಲ. ಗೆಲಿಲಿಯೋ 1632ರಲ್ಲೇ ಹಡಗಿನ ಉದಾಹರಣೆ ಕೊಟ್ಟು ಇದನ್ನು ಬರೆದಿದ್ದ.

ಆದರೆ ಉಪ್ಪಳದಲ್ಲಿ ಬ್ರೇಕ್ ಬಿದ್ದಾಗ ಚಹಾ ಚೆಲ್ಲುತ್ತದೆ. ಒಂದೇ ವೇಗದಲ್ಲಿ ನೆಟ್ಟಗೆ ಓಡುವುದು ಮೈಗೆ ತಿಳಿಯುವುದಿಲ್ಲ, ವೇಗ ಬದಲಾಗುವುದು ತಿಳಿಯುತ್ತದೆ. ಈ ಚೆಲ್ಲಿದ ಚಹಾವನ್ನು ನೆನಪಿಟ್ಟುಕೊಳ್ಳಿ, ಕೊನೆಯ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಹೆಜ್ಜೆ 2: ಬೆಳಕಿನ ಹಠವನ್ನು ಒಪ್ಪಿಕೊಳ್ಳಿ

ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು) ದೂರದಿಂದ ನೋಡಿದವರಿಗೆ ಗೊತ್ತು. ಮೊದಲು ಬೆಳಕು ಕಾಣುತ್ತದೆ, ಆಮೇಲೆ ಢಂ ಎಂಬ ಸದ್ದು ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬೆಳಕು ಹೋಗುವುದು 2,99,792 ಕಿಲೋಮೀಟರ್. ಭೂಮಿಗೆ ಏಳೂವರೆ ಸುತ್ತು ಬಂದಷ್ಟು. ಕೈಯಲ್ಲಿರುವ ಸ್ಕೇಲನ್ನು ನೋಡಿ. ಅದರ ಈ ತುದಿಯಿಂದ ಆ ತುದಿಗೆ ಬೆಳಕಿಗೆ ಬೇಕಾಗುವುದು ಒಂದು ನ್ಯಾನೋ ಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಆ ಸ್ಕೇಲೇ ನಮಗೆ ಒಂದು ನ್ಯಾನೋ ಸೆಕೆಂಡಿನ ಕೋಲು.

ಈಗ ಎಲ್ಲರೂ ಎಡವುವ ಜಾಗ. ಓಡುವ ರೈಲಿನಲ್ಲಿ ಮುಂದಕ್ಕೆ ಅಡಿಕೆ ಎಸೆದರೆ, ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ರೈಲಿನ ವೇಗ ಮತ್ತು ಕೈಯ ವೇಗ ಕೂಡಿ ಕಾಣುತ್ತದೆ. ಬೆಳಕಿಗೂ ಹಾಗೇ ಇರಬೇಕಲ್ವಾ? ಇಲ್ಲ. ಓಡುವ ರೈಲಿನ ದೀಪದ ಬೆಳಕೂ ನಿಂತ ದೀಪದ ಬೆಳಕೂ ಒಂದೇ ವೇಗ. ನೋಡುವವನು ಓಡುತ್ತಿದ್ದರೂ ಅಷ್ಟೇ.

ಇದನ್ನು ಯಾರೋ ಸುಮ್ನೆ ಕೂತು ಊಹಿಸಿದ್ದಲ್ಲ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುತ್ತದೆ. ಆ ಓಟದಿಂದ ಬೆಳಕಿನ ವೇಗದಲ್ಲಿ ವ್ಯತ್ಯಾಸ ಕಾಣಬೇಕು ಎಂದು ಮೈಕೆಲ್ಸನ್ ಮತ್ತು ಮೋರ್ಲಿ 1887ರಲ್ಲಿ ಬಹಳ ಸೂಕ್ಷ್ಮವಾಗಿ ಹುಡುಕಿದರು. ಅವರು ಕಾದಿದ್ದ ವ್ಯತ್ಯಾಸ ಕಾಣಲಿಲ್ಲ. 1964ರಲ್ಲಿ ಸರ್ನ್ ಪ್ರಯೋಗಾಲಯದಲ್ಲಿ, ಬೆಳಕಿನ 99.9 ಶೇಕಡಕ್ಕೂ ಹೆಚ್ಚು ವೇಗದಲ್ಲಿ ಓಡುವ ಪಯಾನ್ ಕಣಗಳಿಂದ ಹೊರಟ ಬೆಳಕನ್ನು ಅಳೆದರು. ಅದೂ ಮಾಮೂಲಿ ಬೆಳಕಿನ ವೇಗದಲ್ಲೇ ಇತ್ತು.

ಯಾಕೆ ಹೀಗೆ ಎಂದು ಇಲ್ಲೇ ನಿಂತುಬಿಟ್ಟರೆ ಮುಂದೆ ಹೋಗುವುದಿಲ್ಲ. ಪ್ರಕೃತಿ ಹೀಗಿದೆ ಎಂದು ಒಪ್ಪಿ ಮುಂದೆ ನಡೆಯಿರಿ. 1905ರಲ್ಲಿ, ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ 26 ವರ್ಷದ ಐನ್‌ಸ್ಟೈನ್ ಮಾಡಿದ್ದೂ ಇದನ್ನೇ. ಹೆಜ್ಜೆ 1 ಮತ್ತು ಹೆಜ್ಜೆ 2, ಎರಡನ್ನೂ ಪೂರ್ತಿ ನಂಬಿ, ಅದರಿಂದ ಏನಾಗುತ್ತದೆ ಎಂದು ನೋಡಿದ.

ಹೆಜ್ಜೆ 3: ಬೆಳಕಿನ ಗಡಿಯಾರ ಬರೆಯಿರಿ

ಬೋಗಿಯ ನೆಲದಲ್ಲಿ ಒಂದು ಕನ್ನಡಿ, ಚಾವಣಿಯಲ್ಲಿ ಒಂದು ಕನ್ನಡಿ. ನಡುವೆ ಬೆಳಕಿನ ಒಂದು ಚುಕ್ಕಿ ಮೇಲೆ ಕೆಳಗೆ ಪುಟಿಯುತ್ತಿದೆ. ಒಂದು ಸಲ ಮೇಲೆ ಮುಟ್ಟಿದರೆ ಒಂದು ಟಿಕ್. ಇದು ನಮ್ಮ ಗಡಿಯಾರ.

ಹಾಳೆಯಲ್ಲಿ ನೆಟ್ಟಗೆ 4 ಸೆಂಟಿಮೀಟರಿನ ಗೆರೆ ಎಳೆಯಿರಿ. ರೈಲಿನ ಒಳಗೆ ಕೂತವಳಿಗೆ ಬೆಳಕು ಹೋದದ್ದು ಈ ದಾರಿಯಲ್ಲಿ, 4 ಪಾಲು. ಅವಳಿಗೆ ರೈಲು ನಿಂತ ಹಾಗೇ ಅಲ್ವಾ, ಹಾಗಾಗಿ ಬೆಳಕು ನೆಟ್ಟಗೆ ಹೋಗಲೇಬೇಕು.

ಈಗ ಪ್ಲಾಟ್‌ಫಾರ್ಮಿನಲ್ಲಿ ನಿಂತವನ ಕಣ್ಣಿನಿಂದ ನೋಡಿ. ಬೆಳಕು ನೆಲದಿಂದ ಚಾವಣಿಗೆ ಹೋಗುವಷ್ಟರಲ್ಲಿ ರೈಲು ಮುಂದೆ ಹೋಗಿರುತ್ತದೆ. 4 ಸೆಂಟಿಮೀಟರ್ ಗೆರೆಯ ಬುಡದಿಂದ ಎಡಕ್ಕೆ 3 ಸೆಂಟಿಮೀಟರ್ ಅಡ್ಡಗೆರೆ ಎಳೆಯಿರಿ. ಬೆಳಕು ಹೊರಟದ್ದು ಆ ಎಡ ತುದಿಯಲ್ಲಿ, ತಲುಪಿದ್ದು ನೆಟ್ಟಗಿನ ಗೆರೆಯ ತಲೆಯಲ್ಲಿ. ಎರಡನ್ನೂ ಓರೆಯಾಗಿ ಸೇರಿಸಿ. ಸ್ಕೇಲಿಟ್ಟು ಅಳೆಯಿರಿ. 5 ಸೆಂಟಿಮೀಟರ್ ಬರುತ್ತದೆ.

ನನ್ನ ಸೋದರಸೊಸೆ, ಅದೇ ತಂಗಿಯ ಮಗಳು, ಇಲ್ಲಿ ಎರಡು ಸಲ ಅಳೆದಳು. ಪೆನ್ಸಿಲಿನ ತುದಿಯನ್ನು ಓರೆಗೆರೆಯ ಮೇಲೆ ಆಡಿಸುತ್ತಾ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದಳು. "ಒಳಗಿದ್ದವಳಿಗೆ 4. ಹೊರಗಿದ್ದವನಿಗೆ 5. ಬೆಳಕಿನ ವೇಗ ಇಬ್ಬರಿಗೂ ಒಂದೇ. ಹಾಗಾದ್ರೆ ಹೊತ್ತು ಬೇರೆ ಆಗಲೇಬೇಕು."

ಅಷ್ಟೇ. ಇದೇ ವಿಷಯ. ಜಾಸ್ತಿ ದೂರವನ್ನು ಅದೇ ವೇಗದಲ್ಲಿ ಹೋಗಲು ಜಾಸ್ತಿ ಹೊತ್ತು ಬೇಕು. ರೈಲಿನ ಗಡಿಯಾರ 4 ಸೆಕೆಂಡ್ ನಡೆಯುವಾಗ ಹೊರಗೆ 5 ಸೆಕೆಂಡ್ ಕಳೆದಿದೆ. ಈ ರೈಲಿನ ವೇಗ ಎಷ್ಟು? ಬೆಳಕು 5 ಪಾಲು ಹೋಗುವಾಗ ರೈಲು 3 ಪಾಲು ಹೋಯಿತು. ಬೆಳಕಿನ ವೇಗದ 60 ಶೇಕಡ.

ಹೆಜ್ಜೆ 4: "ಅದು ಬೆಳಕಿನ ಗಡಿಯಾರ, ನನ್ನ ವಾಚಿಗೇನು?"

ಒಳ್ಳೆಯ ಪ್ರಶ್ನೆ, ತಪ್ಪದೆ ಕೇಳಿಕೊಳ್ಳಿ. ಬೆಳಕಿನ ಗಡಿಯಾರ ಮಾತ್ರ ನಿಧಾನವಾಗಿ, ಕೈಯ ವಾಚು ನಿಧಾನವಾಗದೆ ಇದ್ದರೆ ಏನಾಗುತ್ತದೆ? ರೈಲಿನ ಒಳಗಿದ್ದವಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾಳೆ. ಹೊಂದುತ್ತಿಲ್ಲ, ಹಾಗಾದರೆ ರೈಲು ಓಡುತ್ತಿದೆ ಎಂದು ಕಿಟಕಿ ತೆರೆಯದೆಯೇ ಹೇಳಿಬಿಡುತ್ತಾಳೆ. ಆದರೆ ಅದು ಸಾಧ್ಯವಿಲ್ಲ ಎಂದು ಹೆಜ್ಜೆ 1ರಲ್ಲೇ ಒಪ್ಪಿದ್ದೇವೆ. ಹಾಗಾಗಿ ವಾಚು, ನಾಡಿ, ಹಸಿವು, ಕೂದಲು ನೆರೆಯುವುದು, ಚಹಾ ಆರುವುದು, ಎಲ್ಲವೂ ಅದೇ ಲೆಕ್ಕದಲ್ಲಿ ನಿಧಾನ. ಒಳಗಿದ್ದವಳಿಗೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. "ಕಾಲವೇ ನಿಧಾನವಾಯಿತು" ಎನ್ನುವುದು ಇದಕ್ಕೇ.

ಬೇರೆ ವೇಗಗಳಿಗೆ ಬೇರೆ ತ್ರಿಕೋನ. ಒಳಗೆ ಒಂದು ಗಂಟೆಯಾದರೆ ಹೊರಗೆ ಎಷ್ಟು? ಬೆಳಕಿನ 10 ಶೇಕಡ ವೇಗದಲ್ಲಿ ಒಂದು ಗಂಟೆ 18 ಸೆಕೆಂಡ್. 60ಕ್ಕೆ ಒಂದೂಕಾಲು ಗಂಟೆ. 80ಕ್ಕೆ ಒಂದು ಗಂಟೆ 40 ನಿಮಿಷ. 99ಕ್ಕೆ ಏಳು ಗಂಟೆಗಿಂತ ತುಸು ಹೆಚ್ಚು. 99.5ಕ್ಕೆ ಹತ್ತು ಗಂಟೆ. ಮೊದಮೊದಲು ಏನೂ ಆಗದ ಹಾಗಿದ್ದು, ಕೊನೆಕೊನೆಗೆ ಒಮ್ಮೆಲೇ ಏರುತ್ತದೆ.

ಹೆಜ್ಜೆ 5: ಅಂಗೈ ಚಾಚಿ

ಬರೀ ಚಿತ್ರ ನೋಡಿ ನಂಬಬೇಡಿ. ಸಾಕ್ಷಿ ಬೇಕು, ಮತ್ತು ಅದು ಈಗ ನಿಮ್ಮ ಅಂಗೈಯನ್ನು ದಾಟಿ ಹೋಗುತ್ತಿದೆ.

ಬಾಹ್ಯಾಕಾಶದಿಂದ ಬರುವ ಕಣಗಳು ಗಾಳಿಯ ಪದರಕ್ಕೆ ಬಡಿದಾಗ, ಸುಮಾರು 15 ಕಿ.ಮೀ. ಎತ್ತರದಲ್ಲಿ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯಸ್ಸು 2.2 ಮೈಕ್ರೋ ಸೆಕೆಂಡ್ (ಒಂದು ಮೈಕ್ರೋ ಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ ಹೋಗಬಹುದಾದದ್ದು 660 ಮೀಟರ್. ನೆಲ ಮುಟ್ಟಲು 50 ಮೈಕ್ರೋ ಸೆಕೆಂಡ್ ಬೇಕು, ಅಂದರೆ ಇಪ್ಪತ್ತೆರಡು ಆಯಸ್ಸು. ಒಂದೂ ಬಾರಬಾರದು. ಆದರೆ ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಮ್ಯೂಆನ್ ಬರುತ್ತದೆ. ಅಂಗೈಯನ್ನು ಆಕಾಶಕ್ಕೆ ಚಾಚಿ. ಸೆಕೆಂಡಿಗೆ ಒಂದರಂತೆ ದಾಟುತ್ತಿರುತ್ತವೆ.

ಹೇಗೆ ಬಂದವು? ಅವು ಓಡುವುದು ಬೆಳಕಿನ 99.5 ಶೇಕಡ ಅಥವಾ ಇನ್ನೂ ಹೆಚ್ಚಿನ ವೇಗದಲ್ಲಿ. ಮೇಲಿನ ಲೆಕ್ಕದಂತೆ ಅವುಗಳ ಗಡಿಯಾರ ನಮಗೆ ಹತ್ತು ಪಟ್ಟು, ಅದಕ್ಕಿಂತಲೂ ಜಾಸ್ತಿ ನಿಧಾನ. ಆಯಸ್ಸು ಅಷ್ಟೂ ಹಿಗ್ಗುತ್ತದೆ.

1963ರಲ್ಲಿ ಫ್ರಿಶ್ ಮತ್ತು ಸ್ಮಿತ್ ಎಂಬ ಇಬ್ಬರು ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ ಮತ್ತು ಸಮುದ್ರಮಟ್ಟದಲ್ಲಿ ಮ್ಯೂಆನ್ ಎಣಿಸಿದ ವರದಿ ಪ್ರಕಟಿಸಿದರು. 1,900 ಮೀಟರ್ ಎತ್ತರದ ಬೆಟ್ಟದಲ್ಲಿ ಗಂಟೆಗೆ ಸುಮಾರು 560. ಕಾಲ ಎಲ್ಲರಿಗೂ ಒಂದೇ ಆಗಿದ್ದರೆ ಕೆಳಗೆ ಸುಮಾರು 30 ಸಿಗಬೇಕಿತ್ತು. ಸಿಕ್ಕಿದ್ದು 410ರ ಆಸುಪಾಸು. ನಮ್ಮ ನೆರೆಯ ಊಟಿಯಲ್ಲೂ ಈ ಕಣಗಳನ್ನು ಹಗಲೂ ರಾತ್ರಿ ಎಣಿಸುತ್ತಾರೆ. 2,200 ಮೀಟರ್ ಎತ್ತರದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಶ್ವಕಿರಣ ಪ್ರಯೋಗಾಲಯವಿದೆ. ಅಲ್ಲಿನ ಗ್ರೇಪ್ಸ್-3 ಎಂಬ ಪ್ರಯೋಗದ ಮ್ಯೂಆನ್ ಟೆಲಿಸ್ಕೋಪಿನ ವಿಸ್ತಾರ 560 ಚದರ ಮೀಟರ್. ಊಟಿಗೆ ಹೋದವರು ಹೂವಿನ ತೋಟ ನೋಡಿ ಬರುತ್ತಾರೆ. ಅದೇ ಬೆಟ್ಟದಲ್ಲಿ ಇಂಥದ್ದೊಂದು ಕೆಲಸ ನಡೆಯುತ್ತಿದೆ ಎಂದು ನಮ್ಮ ಮಕ್ಕಳಿಗೆ ಹೇಳಬೇಕು ಅಂತ ನನಗೆ ಬಹಳ ಆಸೆ.

ಹೆಜ್ಜೆ 6: ಬೆಟ್ಟ ಹತ್ತಿ

ವೇಗ ಒಂದು ಕಾರಣವಾಯಿತು. ಕಾಲವನ್ನು ಬದಲಿಸುವ ಇನ್ನೊಂದು ಕಾರಣ ಎತ್ತರ.

ಮೇಲಕ್ಕೆ ವೇಗ ಹೆಚ್ಚಿಸುತ್ತಾ ಹೋಗುವ ರಾಕೆಟ್ ಒಂದನ್ನು ಯೋಚಿಸಿ. ಅದರ ತುದಿಯಲ್ಲಿ ಒಬ್ಬ, ಬುಡದಲ್ಲಿ ಒಬ್ಬ. ತುದಿಯವನು ಸೆಕೆಂಡಿಗೊಮ್ಮೆ ಬೆಳಕು ಮಿನುಗಿಸುತ್ತಾನೆ. ಬೆಳಕು ಕೆಳಗೆ ಬರುವಷ್ಟರಲ್ಲಿ ಬುಡದ ವೇಗ ಇನ್ನಷ್ಟು ಹೆಚ್ಚಿ, ಬೆಳಕಿಗೆ ಎದುರಾಗಿ ಬಂದಿರುತ್ತದೆ. ಹಾಗಾಗಿ ಬುಡದವನಿಗೆ ಮಿನುಗು ಸೆಕೆಂಡಿಗಿಂತ ಬೇಗ ಬೇಗ ಸಿಗುತ್ತದೆ. ಅವನ ಲೆಕ್ಕಕ್ಕೆ ಮೇಲಿನ ಗಡಿಯಾರ ಮುಂದೆ ಓಡುತ್ತಿದೆ. ರಾಕೆಟ್ಟಿನ ಒಳಗೆ ಕಾಲನ್ನು ನೆಲಕ್ಕೆ ಒತ್ತುವ ಆ ಬಲಕ್ಕೂ ಭೂಮಿಯ ಸೆಳೆತಕ್ಕೂ ಒಳಗಿದ್ದವನು ವ್ಯತ್ಯಾಸ ಕಾಣಲಾರ. ಹಾಗಾದರೆ ಭೂಮಿಯ ಮೇಲೂ ಎತ್ತರದ ಗಡಿಯಾರ ಬೇಗ ನಡೆಯಬೇಕು. ಐನ್‌ಸ್ಟೈನನ ಈ ಯೋಚನೆ 1907ರದ್ದು. 1915ರಲ್ಲಿ ಪೂರ್ತಿ ಸಿದ್ಧಾಂತವಾಯಿತು. 1960ರಲ್ಲಿ ಪೌಂಡ್ ಮತ್ತು ರೆಬ್ಕಾ ಹಾರ್ವರ್ಡಿನ ಕಟ್ಟಡದೊಳಗೆ 22.5 ಮೀಟರ್ ಎತ್ತರದಲ್ಲೇ ಇದನ್ನು ಅಳೆದು ತೋರಿಸಿದರು. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಪರಮಾಣು ಗಡಿಯಾರವನ್ನು ಇನ್ನೊಂದಕ್ಕಿಂತ 33 ಸೆಂಟಿಮೀಟರ್ ಮೇಲಿಟ್ಟರು. ಅಷ್ಟಕ್ಕೂ ವ್ಯತ್ಯಾಸ ಸಿಕ್ಕಿತು. ನಿಮ್ಮ ಸ್ಕೇಲಿಗಿಂತ ತುಸು ಜಾಸ್ತಿ ಎತ್ತರ, ಅಷ್ಟೇ.

ಈಗ ಸೊಸೆಯ ಪ್ರಶ್ನೆಗೆ ಉತ್ತರ ಕೊಡಬಹುದು. ದಿನಕ್ಕೆ ಒಂದು ಗಂಟೆ, 100 ಕಿ.ಮೀ. ವೇಗದ ರೈಲು, ವರ್ಷಕ್ಕೆ 300 ದಿನ, 30 ವರ್ಷ ಎಂದಿಟ್ಟುಕೊಳ್ಳಿ. ಒಟ್ಟು ಉಳಿತಾಯ ಸುಮಾರು 140 ನ್ಯಾನೋ ಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕು ಓಡುವುದು 42 ಮೀಟರ್, ರೈಲಿನ ಎರಡು ಬೋಗಿಯಷ್ಟು ಉದ್ದ.

ಮತ್ತೆ ಬೆಟ್ಟ? ನಮ್ಮ ಪೊಸಡಿ ಗುಂಪೆ ಸಾವಿರ ಅಡಿಯ ಆಸುಪಾಸು. ಅದರ ತುದಿಯಲ್ಲಿಟ್ಟ ಗಡಿಯಾರ ಕುಂಬಳೆಯ ಕಡಲತೀರದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 3 ನ್ಯಾನೋ ಸೆಕೆಂಡ್ ಮುಂದೆ ಹೋಗುತ್ತದೆ. ವರ್ಷಕ್ಕೆ ಒಂದು ಮೈಕ್ರೋ ಸೆಕೆಂಡ್. ಮೂವತ್ತು ವರ್ಷ ರೈಲಿನಲ್ಲಿ ಓಡಾಡಿ ಉಳಿಸಿದ್ದಕ್ಕಿಂತ ಏಳು ಪಟ್ಟು ಹೆಚ್ಚು ಹೊತ್ತು, ಬೆಟ್ಟದಲ್ಲಿ ಒಂದು ವರ್ಷ ಇದ್ದರೆ ಖರ್ಚಾಗುತ್ತದೆ! ಈ ಲೆಕ್ಕ ಮುಗಿದಾಗ ಅವಳ ಮುಖ ನೋಡಬೇಕಿತ್ತು.

ಇಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಬೇಕು ಅನ್ನಬೇಡಿ. ಮದುವೆ ಹಾಲಿಗೆ ದಾರಿ ಹುಡುಕಲು ಫೋನಿನ ಮ್ಯಾಪ್ ತೆರೆಯುತ್ತೀರಲ್ಲ, ಅದಕ್ಕೆ ಬೇಕು. ಜಿಪಿಎಸ್ ಉಪಗ್ರಹಗಳು 20,200 ಕಿ.ಮೀ. ಎತ್ತರದಲ್ಲಿ, ಗಂಟೆಗೆ ಸುಮಾರು 14,000 ಕಿ.ಮೀ. ವೇಗದಲ್ಲಿ ಸುತ್ತುತ್ತವೆ. ವೇಗದಿಂದ ಅವುಗಳ ಗಡಿಯಾರ ದಿನಕ್ಕೆ 7 ಮೈಕ್ರೋ ಸೆಕೆಂಡ್ ಹಿಂದೆ ಬೀಳುತ್ತದೆ. ಎತ್ತರದಿಂದ 45 ಮುಂದೆ ಹೋಗುತ್ತದೆ. ಉಳಿದದ್ದು 38 ಮುಂದೆ. ಬೆಳಕಿನ ದೂರಕ್ಕೆ ತಂದರೆ ದಿನಕ್ಕೆ 11 ಕಿ.ಮೀ. ದಾಟುವ ತಪ್ಪು, ಹೆಚ್ಚುಕಡಿಮೆ ಕಾಸರಗೋಡಿನಿಂದ ಕುಂಬಳೆಗೆ ಇರುವಷ್ಟು. ಅದಕ್ಕೇ ಹಾರಿಸುವ ಮೊದಲೇ ಗಡಿಯಾರವನ್ನು ಅಷ್ಟು ನಿಧಾನಕ್ಕೆ ಹೊಂದಿಸಿ ಕಳಿಸುತ್ತಾರೆ. 1977ರಲ್ಲಿ ಪರೀಕ್ಷೆಗೆಂದು ಹಾರಿಸಿದ ಉಪಗ್ರಹದಲ್ಲಿ ಈ ತಿದ್ದುಪಡಿಯನ್ನು ಸುಮಾರು 20 ದಿನ ಚಾಲೂ ಮಾಡದೆ ಬಿಟ್ಟು ನೋಡಿದ್ದರು. ಗಡಿಯಾರ ಸಿದ್ಧಾಂತ ಹೇಳಿದ ಹಾಗೆಯೇ ಮುಂದೆ ಓಡಿತ್ತು. ಜಿಪಿಎಸ್ಸಿನಂತೆಯೇ ದಾರಿ ತೋರಿಸುವ ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳಿಗೂ ಇದೇ ಲೆಕ್ಕ. ಅವುಗಳಲ್ಲಿ ಒಂದಾದ, 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ಭಾರತದಲ್ಲೇ ಮಾಡಿದ ರುಬಿಡಿಯಂ ಪರಮಾಣು ಗಡಿಯಾರ ಇತ್ತು.

ವೇಗ ಮತ್ತು ಎತ್ತರ ಎರಡನ್ನೂ ಒಟ್ಟಿಗೆ ಪರೀಕ್ಷಿಸಿದ್ದು 1971ರ ಅಕ್ಟೋಬರಿನಲ್ಲಿ. ಹಫೇಲೆ ಮತ್ತು ಕೀಟಿಂಗ್ ನಾಲ್ಕು ಸೀಸಿಯಂ ಪರಮಾಣು ಗಡಿಯಾರಗಳನ್ನು ಮಾಮೂಲಿ ಪ್ರಯಾಣಿಕರ ವಿಮಾನದಲ್ಲಿಟ್ಟು ಭೂಮಿ ಸುತ್ತಿದರು. ಪೂರ್ವಕ್ಕೆ ಹೋದಾಗ 59 ನ್ಯಾನೋ ಸೆಕೆಂಡ್ ಹಿಂದೆ, ಪಶ್ಚಿಮಕ್ಕೆ ಹೋದಾಗ 273 ಮುಂದೆ. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಆ ಕಡೆ ಹೋಗುವ ವಿಮಾನಕ್ಕೆ ಒಟ್ಟು ವೇಗ ಜಾಸ್ತಿ, ಅದಕ್ಕೆ ಈ ವ್ಯತ್ಯಾಸ.

ಹೆಜ್ಜೆ 7: ಅಕ್ಕ, ತಂಗಿ ಮತ್ತು ಬಿಸುವಿನ ಸಂದೇಶ

ಇಲ್ಲಿಯವರೆಗೆ ಬಂದವರಿಗೆ ಒಂದು ಮುಳ್ಳು ಚುಚ್ಚುತ್ತಿರಬೇಕು. ರೈಲಿನವಳಿಗೆ ಪ್ಲಾಟ್‌ಫಾರ್ಮೇ ಹಿಂದೆ ಓಡುವ ಹಾಗೆ ಅಲ್ವಾ? ಹಾಗಾದರೆ ಅವಳಿಗೆ ಹೊರಗಿನವನ ಗಡಿಯಾರ ನಿಧಾನ ಕಾಣಬೇಕು. ಕಾಣುತ್ತದೆ. ಒಂದೇ ವೇಗದಲ್ಲಿ ದೂರ ಹೋಗುತ್ತಿರುವವರೆಗೆ ಇಬ್ಬರ ಮಾತೂ ಸರಿ. ಮತ್ತೆ ಒಂದೇ ಜಾಗಕ್ಕೆ ಬಂದು ಗಡಿಯಾರ ಪಕ್ಕಪಕ್ಕ ಇಟ್ಟಾಗ ಮಾತ್ರ ಒಂದು ತೀರ್ಮಾನ ಬೇಕು.

ಇದಕ್ಕೆ ಎಣಿಸುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹಾಳೆ ತಿರುಗಿಸಿ.

ಅಕ್ಕ ಊರಲ್ಲಿ. ತಂಗಿ ಬೆಳಕಿನ 60 ಶೇಕಡ ವೇಗದಲ್ಲಿ 3 ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷ ಎಂದರೆ ಬೆಳಕು ಒಂದು ವರ್ಷದಲ್ಲಿ ಹೋಗುವ ದೂರ) ದೂರದ ಒಂದು ನಕ್ಷತ್ರಕ್ಕೆ ಹೋಗಿ ತಿರುಗಿ ಬರುತ್ತಾಳೆ. ಅಕ್ಕನ ಕ್ಯಾಲೆಂಡರಿನಲ್ಲಿ ಹೋಗಲು 5 ವರ್ಷ, ಬರಲು 5, ಒಟ್ಟು 10. ತ್ರಿಕೋನದ ಲೆಕ್ಕದಲ್ಲಿ ತಂಗಿಗೆ 4 ಮತ್ತು 4, ಒಟ್ಟು 8. ಇಬ್ಬರೂ ತಮ್ಮ ತಮ್ಮ ಕ್ಯಾಲೆಂಡರಿನಂತೆ ವರ್ಷಕ್ಕೊಮ್ಮೆ, ಬಿಸು (ನಮ್ಮ ಕಡೆಯ ಸೌರ ಯುಗಾದಿ) ಕಣಿ ಇಡುವ ದಿನ, ಬೆಳಕಿನಲ್ಲಿ ಒಂದು ಸಂದೇಶ ಕಳಿಸುತ್ತಾರೆ.

ತಂಗಿ ತನ್ನ ಮೊದಲ ವರ್ಷ ಮುಗಿದಾಗ ಕಳಿಸಿದ್ದು ಅಕ್ಕನಿಗೆ ಯಾವಾಗ ಸಿಗುತ್ತದೆ? ತಂಗಿಯ ಒಂದು ವರ್ಷ ಅಕ್ಕನ ಒಂದೂಕಾಲು. ಅಷ್ಟರಲ್ಲಿ ತಂಗಿ ಮುಕ್ಕಾಲು ಜ್ಯೋತಿರ್ವರ್ಷ ದೂರ ಹೋಗಿದ್ದಾಳೆ. ಬೆಳಕು ಬರಲು ಮುಕ್ಕಾಲು ವರ್ಷ. ಒಂದೂಕಾಲು ಮತ್ತು ಮುಕ್ಕಾಲು, ಎರಡು. ಅಂದರೆ ದೂರ ಹೋಗುವಾಗ ಎರಡು ವರ್ಷಕ್ಕೊಂದು ಸಂದೇಶ. ತಿರುಗಿ ಬರುವಾಗ ಪ್ರತಿ ಸಲ ಮುಕ್ಕಾಲು ಜ್ಯೋತಿರ್ವರ್ಷ ಹತ್ತಿರ ಆಗಿರುತ್ತಾಳೆ. ಒಂದೂಕಾಲರಲ್ಲಿ ಮುಕ್ಕಾಲು ಕಳೆದರೆ ಅರ್ಧ. ಆರು ತಿಂಗಳಿಗೊಂದು ಸಂದೇಶ. ಅಕ್ಕನಿಂದ ತಂಗಿಗೆ ಹೋಗುವುದಕ್ಕೂ ಇದೇ ಲೆಕ್ಕ, ಯಾಕೆಂದರೆ ಇಬ್ಬರೂ ಸಮಾನರು.

ಈಗ ಎಣಿಸಿ. ತಂಗಿ ನಕ್ಷತ್ರ ತಲುಪಿ ತಿರುಗಿದ ಕೂಡಲೇ ಅವಳಿಗೆ ಸಂದೇಶ ಬೇಗ ಬೇಗ ಬರತೊಡಗುತ್ತದೆ. ಹೋಗುವ 4 ವರ್ಷದಲ್ಲಿ 2, ಬರುವ 4 ವರ್ಷದಲ್ಲಿ 8. ಒಟ್ಟು 10. ಅಕ್ಕ 10 ವರ್ಷ ಬದುಕಿದ್ದಾಳೆ ಎಂಬುದು ತಂಗಿಯ ಕೈಯಲ್ಲೇ ಲೆಕ್ಕ ಸಿಕ್ಕಿತು.

ಅಕ್ಕನಿಗೆ ಹಾಗಲ್ಲ. ತಂಗಿ ತಿರುಗಿದ್ದು 5ನೇ ವರ್ಷ. ಆದರೆ ಅಲ್ಲಿಂದ ಹೊರಟ ಬೆಳಕು ಊರು ತಲುಪಲು ಇನ್ನೂ 3 ವರ್ಷ. 8ನೇ ವರ್ಷದವರೆಗೆ ಅಕ್ಕನಿಗೆ ಎರಡು ವರ್ಷಕ್ಕೊಂದೇ, ಒಟ್ಟು 4. ಉಳಿದ ಎರಡು ವರ್ಷದಲ್ಲಿ ಆರು ತಿಂಗಳಿಗೊಂದರಂತೆ 4. ಒಟ್ಟು 8. ತಂಗಿಗೆ ಎಂಟೇ ವರ್ಷ ಕಳೆದಿದೆ.

ಎರಡೂ ಲೆಕ್ಕ ಹೊಂದಿತು. ಯಾರೂ ಸುಳ್ಳು ಹೇಳಲಿಲ್ಲ. ಇಬ್ಬರೂ ಸಮಾನರಾಗಿದ್ದದ್ದು ತಂಗಿ ತಿರುಗುವವರೆಗೆ. ತಿರುಗುವಾಗ ಅವಳ ಲೋಟದ ಚಹಾ ಚೆಲ್ಲಿತು, ಉಪ್ಪಳದ ಬ್ರೇಕಿನ ಹಾಗೆ. ಊರಲ್ಲಿದ್ದ ಅಕ್ಕನ ಚಹಾ ಚೆಲ್ಲಲಿಲ್ಲ. ವ್ಯತ್ಯಾಸ ಅಲ್ಲಿದೆ. ನಾನು ಈ ವಿಷಯದಲ್ಲಿ ಅತಿ ಹೆಚ್ಚು ಹೊತ್ತು ಒದ್ದಾಡಿದ್ದು ಇಲ್ಲೇ. ಹಾಗಾಗಿ ಮೊದಲ ಓದಿಗೆ ಗೊತ್ತಾಗದಿದ್ದರೆ ಬೇಸರ ಬೇಡ. ಎರಡು ಗೀಟು ಎಳೆದು, ಒಂದು ಅಕ್ಕನದು ಒಂದು ತಂಗಿಯದು, ಸಂದೇಶಗಳನ್ನು ಚುಕ್ಕಿ ಇಟ್ಟು ಎಣಿಸಿ.

ಆಮೇಲೆ ನೀವೇ ಒಂದು ಮಾಡಿ. ತ್ರಿಕೋನವನ್ನು ಮಗ್ಗುಲಿಗೆ ಹೊರಳಿಸಿ: ನೆಟ್ಟಗೆ 3, ಅಡ್ಡಕ್ಕೆ 4, ಓರೆಗೆ 5. ಈಗ ವೇಗ ಬೆಳಕಿನ 80 ಶೇಕಡ. ನಕ್ಷತ್ರ 4 ಜ್ಯೋತಿರ್ವರ್ಷ ದೂರ. ನಮ್ಮ ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸುಮಾರು 4.2ರಲ್ಲಿದೆ, ಹಾಗಾಗಿ ಇದು ಪೂರ್ತಿ ಕಲ್ಪನೆಯೂ ಅಲ್ಲ. ದೂರ ಹೋಗುವಾಗ ಸಂದೇಶ ಎಷ್ಟು ವರ್ಷಕ್ಕೊಂದು, ಹತ್ತಿರ ಬರುವಾಗ ವರ್ಷಕ್ಕೆ ಎಷ್ಟು ಎಂದು ಮೊದಲು ಕಂಡುಹಿಡಿಯಿರಿ, ಆಮೇಲೆ ಎಣಿಸಿ. ನನ್ನ ಸೊಸೆ ಇದನ್ನು ಮರುದಿನ ರೈಲಿನಲ್ಲಿ, ಮಂಜೇಶ್ವರ ಬರುವ ಮೊದಲೇ ಮಾಡಿ ಮುಗಿಸಿ ಫೋಟೋ ಕಳಿಸಿದ್ದಳು. ತಂಗಿಯ ಕೈಗೆ 10, ಅಕ್ಕನ ಕೈಗೆ 6 ಬಂದರೆ ನಿಮ್ಮ ಲೆಕ್ಕವೂ ಸರಿ.